ನಕ್ಷೆಯಲ್ಲಿ ಉಳಿದ ಯಂತ್ರ: ಚಾರ್ಲ್ಸ್ ಬ್ಯಾಬೇಜ್ ಮಹಾಶಯರ ಜೀವಿತ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಇವೆರಡರಲ್ಲಿಯೂ ಬಿಡಿಬಿಡಿಯಾದ ಕೆಲಸಗಳು ಅಷ್ಟೇನೂ ಕಠಿನವಲ್ಲ. ಆದರೆ ಅಲ್ಲಿ ನೂರು ಕೆಲಸಗಳು ಒಂದನ್ನೊಂದು ಕಾದುಕೊಂಡಿರುತ್ತವೆ. ಒಂದು ತಡವಾದರೆ ಹತ್ತು ತಡವಾಗುತ್ತವೆ. ಒಂದು ಮನೆಗೇ ಇಷ್ಟು ತೊಡಕಿದ್ದಮೇಲೆ, ಅಣೆಕಟ್ಟು, ರೈಲ್ವೆ, ವಿಮಾನ, ಉಪಗ್ರಹ ಮೊದಲಾದ ಮಹಾಕಾರ್ಯಗಳ ಮಾತೇನು? ಇಂಥ ಕಾರ್ಯಗಳಲ್ಲಿ ಮೊದಲನೆಯ ಮೊಳೆಯನ್ನು ಹೊಡೆಯುವುದಕ್ಕೆ ಮುಂಚೆಯೇ ಇಡೀ ಕಾರ್ಯದ ಪ್ರತಿರೂಪವೊಂದು ಕಾಗದದ ಮೇಲೆ ಸಿದ್ಧವಾಗಬೇಕು. ಯಾವ ಅಂಗವು ಯಾವ ಅಂಗವನ್ನು ನಡೆಯಿಸುವುದು, ಯಾವ ಕ್ರಿಯೆ ಮುಂದು, ಯಾವುದು ಹಿಂದು ಎಂಬುದು ಅದರಲ್ಲಿ ಸ್ಪಷ್ಟವಾಗಬೇಕು. ಈ ಅಗತ್ಯವನ್ನು ಮನಗಂಡು, ಯಂತ್ರಗಳ ಕ್ರಿಯಾಕ್ರಮಕ್ಕೆ ಒಂದು ಲಿಪಿಯನ್ನೇ ರಚಿಸಿದವರು ಆಂಗ್ಲದೇಶದ ಗಣಿತಜ್ಞರಾದ ಚಾರ್ಲ್ಸ್ ಬ್ಯಾಬೇಜ್ ಮಹಾಶಯರು. ಇವರು ಗಣಕಯಂತ್ರದ ಪಿತಾಮಹರೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆದರೆ ಇವರ ಜೀವಿತದಲ್ಲಿ, ಯಂತ್ರಗಳನ್ನು ಬದಿಗಿಟ್ಟು ನೋಡಿದರೂ ನಾವು ಕಲಿಯತಕ್ಕ ಪಾಠವೊಂದಿದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬ್ಯಾಬೇಜ್ ಮಹಾಶಯರು 1791ನೆಯ ಇಸವಿ ಡಿಸೆಂಬರ್ 26ರಂದು ಲಂಡನ್ ನಗರದಲ್ಲಿ ಹುಟ್ಟಿದರು. ತಂದೆ ಬ್ಯಾಂಕ್ ವ್ಯವಹಾರದಲ್ಲಿ ಧನವನ್ನು ಗಳಿಸಿದ್ದವರು. ಮಗನು 1810ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯವನ್ನು ಸೇರುವ ಹೊತ್ತಿಗೆ ಅಲ್ಲಿನ ಅಧ್ಯಾಪಕರಿಗಿಂತಲೂ ಹೊಸ ಗಣಿತವನ್ನು ತಾನೇ ಓದಿಕೊಂಡಿದ್ದನು. ನ್ಯೂಟನ್ನರ ಹೆಸರಿನ ಅಭಿಮಾನದಿಂದ ಆಂಗ್ಲರು ಅವರ ಹಳೆಯ ಬರೆವಣಿಗೆಯ ಚಿಹ್ನೆಗಳನ್ನೇ ಹಿಡಿದು ಕುಳಿತಿದ್ದರು. ಯುರೋಪು ಖಂಡದ ಪಂಡಿತರು ಲೈಬ್ನಿಟ್ಸರ ಚಿಹ್ನೆಗಳಿಂದ ಬಹುದೂರ ಮುಂದೆ ಸಾಗಿದ್ದರು. ಬ್ಯಾಬೇಜರು 1812ರಲ್ಲಿ ಜಾನ್ ಹರ್ಷಲ್, ಜಾರ್ಜ್ ಪೀಕಾಕ್ ಮೊದಲಾದ ಗೆಳೆಯರೊಡನೆ ಒಂದು ಸಂಘವನ್ನು ಸ್ಥಾಪಿಸಿ, ಈ ಹೊಸ ಚಿಹ್ನೆಗಳನ್ನು ಕೇಂಬ್ರಿಡ್ಜಿಗೆ ತರಲು ಹೋರಾಡಿದರು. ಇದು ಎಳೆಯರ ಹುರುಪಿನ ಕೆಲಸವೆಂದು ತೋರಬಹುದು. ಆದರೂ ಇವರ ಮುಂದಿನ ಬಾಳಿನ ಬೀಜವೆಲ್ಲ ಇದರಲ್ಲಿಯೇ ಇತ್ತೆಂದು ನಾವು ಭಾವಿಸುತ್ತೇವೆ. ಒಳ್ಳೆಯ ಚಿಹ್ನೆಯಿದ್ದರೆ ಸಾಮಾನ್ಯ ಬುದ್ಧಿಯೂ ದೂರ ಹೋಗಬಲ್ಲದು, ಕೆಟ್ಟ ಚಿಹ್ನೆಯಿದ್ದರೆ ಮಹಾಬುದ್ಧಿಯೂ ಮುಗ್ಗರಿಸುವುದು ಎಂಬ ನಂಬಿಕೆ ಇವರನ್ನು ಎಂದಿಗೂ ಬಿಡಲಿಲ್ಲ.

1814ರಲ್ಲಿ ಪದವಿಯೂ ಆಯಿತು, ವಿವಾಹವೂ ಆಯಿತು. 1816ರಲ್ಲಿ ಇವರು ರಾಯಲ್ ಸೊಸೈಟಿಯ ಸದಸ್ಯರಾದರು. 1821ರ ಸುಮಾರಿಗೆ ಬ್ಯಾಬೇಜರೂ ಹರ್ಷಲರೂ ಖಗೋಳಗಣಿತದ ಕೋಷ್ಟಕಗಳನ್ನು ಎದುರುಬದುರಾಗಿ ಕುಳಿತು ತಾಳೆ ನೋಡುತ್ತಿದ್ದರು. ಹೆಜ್ಜೆಹೆಜ್ಜೆಗೂ ತಪ್ಪುಗಳು. ಆ ಕಾಲದಲ್ಲಿ ನಾವಿಕನು ಸಮುದ್ರದ ನಡುವೆ ತನ್ನ ಸ್ಥಾನವನ್ನು ಅರಿಯುವುದಕ್ಕೆ ಇಂಥ ಕೋಷ್ಟಕಗಳೇ ಆಧಾರ. ಒಂದು ಅಂಕೆ ತಪ್ಪಿದರೆ ಹಡಗು ಬಂಡೆಗೆ ಬಡಿಯಬಹುದಾಗಿತ್ತು. ಬೇಸತ್ತ ಬ್ಯಾಬೇಜರಿಗೆ, ಈ ಲೆಕ್ಕವನ್ನು ಉಗಿಯಂತ್ರವೇ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತೆಂಬ ಆಲೋಚನೆ ಬಂದಿತು.

ಲೆಕ್ಕವನ್ನು ಯಂತ್ರವು ಹೇಗೆ ಮಾಡುವುದು? ಇದಕ್ಕೆ ಉತ್ತರ ಬಹಳ ಸರಳ. ಒಂದು, ನಾಲ್ಕು, ಒಂಬತ್ತು, ಹದಿನಾರು, ಇಪ್ಪತ್ತೈದು ಎಂಬ ವರ್ಗಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಒಂದರಿಂದೊಂದನ್ನು ಕಳೆದರೆ ಮೂರು, ಐದು, ಏಳು, ಒಂಬತ್ತು ಬರುತ್ತವೆ. ಇವುಗಳನ್ನು ಮತ್ತೆ ಒಂದರಿಂದೊಂದು ಕಳೆದರೆ ಯಾವಾಗಲೂ ಎರಡೇ. ಆದುದರಿಂದ ಮುಂದಿನ ವರ್ಗವು ಬೇಕಾದರೆ ಗುಣಿಸಬೇಕಾದುದಿಲ್ಲ. ಒಂಬತ್ತಕ್ಕೆ ಎರಡನ್ನು ಕೂಡಿಸಿ ಹನ್ನೊಂದು, ಇಪ್ಪತ್ತೈದಕ್ಕೆ ಹನ್ನೊಂದನ್ನು ಕೂಡಿಸಿ ಮೂವತ್ತಾರು. ಕೂಡುವುದೊಂದೇ ಸಾಕು. ಕೂಡುವುದನ್ನು ಹಲ್ಲುಚಕ್ರಗಳು ಮಾಡಬಲ್ಲವು. ಇದೇ ಇವರ ಡಿಫರೆನ್ಸ್ ಎಂಜಿನ್ ಎಂಬ ವ್ಯತ್ಯಾಸಯಂತ್ರದ ತತ್ತ್ವ.

ಇಂಥ ವಿಭಾಗಕ್ಕೆ ಫ್ರಾನ್ಸ್ ದೇಶದಲ್ಲಿ ಮೇಲ್ಪಂಕ್ತಿಯೊಂದಿತ್ತು. 1790ರ ದಶಕದಲ್ಲಿ ದ ಪ್ರೋನಿ ಎಂಬ ಎಂಜಿನಿಯರರು ದೊಡ್ಡ ಲಾಗರಿತಮ್ ಕೋಷ್ಟಕಗಳನ್ನು ಸಿದ್ಧಪಡಿಸುವಾಗ ಕೆಲಸಗಾರರನ್ನು ಮೂರು ವರ್ಗ ಮಾಡಿದರು. ಮೊದಲನೆಯ ವರ್ಗದ ಐದಾರು ಮಂದಿ ಗಣಿತಪಂಡಿತರು ಸೂತ್ರವನ್ನು ಗೊತ್ತುಮಾಡಿದರು. ಎರಡನೆಯ ವರ್ಗದ ಏಳೆಂಟು ಮಂದಿ ಅದನ್ನು ಅಂಕೆಗಳಿಗೆ ಇಳಿಸಿದರು. ಮೂರನೆಯ ವರ್ಗದ ಅರವತ್ತರಿಂದ ಎಂಬತ್ತು ಮಂದಿ ಕೂಡುತ್ತ ಕಳೆಯುತ್ತ ಹೋದರು. ಇವರಲ್ಲಿ ಬಹುಮಂದಿಗೆ ಅದಕ್ಕಿಂತ ಹೆಚ್ಚಿನ ಲೆಕ್ಕವೇ ಬಾರದು. ಕ್ರಿಯೆಯನ್ನು ಮನುಷ್ಯನಿಂದ ಬೇರ್ಪಡಿಸಿ, ಅದರ ಸಾರವನ್ನು ಮಾತ್ರ ಹಿಡಿದರೆ, ಮೂರನೆಯ ವರ್ಗದ ಸ್ಥಾನದಲ್ಲಿ ಯಂತ್ರವನ್ನೇ ನಿಲ್ಲಿಸಬಹುದೆಂದು ಬ್ಯಾಬೇಜರು ಕಂಡುಕೊಂಡರು.

1822ರಲ್ಲಿ ಇವರು ಸಣ್ಣ ಮಾದರಿಯೊಂದನ್ನು ಮಾಡಿ ತೋರಿಸಿದರು. 1823ರಲ್ಲಿ ಸರಕಾರವು 1,500 ಪೌಂಡುಗಳನ್ನು ಕೊಟ್ಟಿತು. ಜೋಸೆಫ್ ಕ್ಲೆಮೆಂಟ್ ಎಂಬ ನುರಿತ ಯಂತ್ರಶಿಲ್ಪಿಯು ಕೆಲಸಕ್ಕೆ ನಿಂತನು. ಇಡೀ ಯಂತ್ರಕ್ಕೆ ಸುಮಾರು 25,000 ಬಿಡಿಭಾಗಗಳು ಬೇಕಾಗಿದ್ದವು. ಒಂದೇ ಬಗೆಯ ನೂರಾರು ಚಕ್ರಗಳು ಒಂದರಂತೊಂದು ಇರಬೇಕಾಗಿತ್ತು. ಆ ಕಾಲದಲ್ಲಿ ಸ್ಕ್ರೂಗಳ ಸುತ್ತಿಗೂ ಸರ್ವಸಮ್ಮತವಾದ ಅಳತೆಯಿರಲಿಲ್ಲ. ಮುಂದೆ 1841ರಲ್ಲಿ ಅಂಥ ಅಳತೆಯನ್ನು ಸೂಚಿಸಿದ ಜೋಸೆಫ್ ವಿಟ್‌ವರ್ತ್ ಎಂಬವರು ಕ್ಲೆಮೆಂಟನ ಕಾರ್ಖಾನೆಯಲ್ಲಿಯೇ ಕೆಲಸ ಮಾಡಿದವರೆಂಬುದನ್ನು ಇಲ್ಲಿ ನೆನೆಯಬೇಕು.

ಈ ಕೆಲಸದ ನಡುವೆ ಬ್ಯಾಬೇಜರಿಗೆ ಒಂದು ವಿಚಿತ್ರವಾದ ಅಡಚಣೆ ಒದಗಿತು. ಯಂತ್ರವು ಬೆಳೆದಂತೆಲ್ಲ ಅದನ್ನು ಮನಸ್ಸಿನಲ್ಲಿ ಹಿಡಿದಿಡುವುದು ಅಸಾಧ್ಯವಾಯಿತು. ನಕ್ಷೆಗಳೇನೋ ರಾಶಿಯಾಗಿದ್ದವು, ಆದರೆ ನಕ್ಷೆಯಲ್ಲಿ ಕಾಣುವುದು ನಿಂತಿರುವ ಯಂತ್ರ. ಈ ಚಕ್ರ ತಿರುಗುವಾಗ ಆ ಸನ್ನೆ ಎಲ್ಲಿರುತ್ತದೆ, ಇದು ನಿಂತಮೇಲೆ ಅದು ಹೊರಡುವುದೋ, ಎರಡೂ ಒಟ್ಟಿಗೆ ಹೊರಟು ಒಂದಕ್ಕೊಂದು ತಾಗುವುವೋ, ಇದನ್ನು ಯಾವ ನಕ್ಷೆಯೂ ಹೇಳದು. ಆಗ ಇವರು ತಮ್ಮ ತಾರುಣ್ಯದ ನಂಬಿಕೆಗೆ ಮರಳಿದರು. ಯಂತ್ರದ ಕ್ರಿಯೆಗೆ ತಕ್ಕ ಚಿಹ್ನೆಗಳನ್ನೇ ನಿರ್ಮಿಸಿದರು. 1826ರಲ್ಲಿ ಈ ವಿಷಯವಾಗಿ ಇವರು ಬರೆದ ಲೇಖನವನ್ನು ರಾಯಲ್ ಸೊಸೈಟಿಯು ಪ್ರಕಟಿಸಿತು. ಇದನ್ನು ನಾವು ಯಂತ್ರಲಿಪಿಯೆಂದು ಕರೆಯಬಹುದು.

ಈ ಲಿಪಿಯಲ್ಲಿ ಚಕ್ರದ ಆಕಾರವಿಲ್ಲ, ಹಿತ್ತಾಳೆಯ ಹೊಳಪಿಲ್ಲ. ಚಲಿಸುವ ಪ್ರತಿಯೊಂದು ಅಂಗಕ್ಕೂ ಒಂದು ಹೆಸರು, ಒಂದು ಗೆರೆ. ಅದಕ್ಕೆ ಚಲನೆ ಯಾವುದರಿಂದ ಬಂದಿತು, ಅದು ಯಾವುದಕ್ಕೆ ಕೊಡುವುದು ಎಂಬುದನ್ನು ಬಾಣದ ಗುರುತುಗಳು ತೋರಿಸುತ್ತವೆ. ಹಲ್ಲುಗಳಿಂದ ಕೂಡಿದೆಯೋ, ಬರಿಯ ಒತ್ತಿನಿಂದಲೋ ಎಂಬುದಕ್ಕೆ ಬೇರೆ ಬೇರೆ ಗುರುತುಗಳುಂಟು. ಕಾಲವು ಒಂದು ದಿಕ್ಕಿನಲ್ಲಿ ಹರಿಯುತ್ತದೆ. ಯಾವ ಕ್ಷಣದಲ್ಲಿ ಯಾವ ಅಂಗವು ನಡೆಯುತ್ತದೆ, ಯಾವುದು ವಿಶ್ರಮಿಸುತ್ತದೆ ಎಂಬುದನ್ನು ಒಂದೇ ನೋಟದಲ್ಲಿ ಕಾಣಬಹುದು. ಉದಾಹರಣೆಗಾಗಿ ಇವರು ಗಡಿಯಾರವನ್ನೂ, ನೀರನ್ನು ತನ್ನ ಬಲದಿಂದಲೇ ಮೇಲೆತ್ತುವ ಯಂತ್ರವನ್ನೂ ಇದೇ ಲಿಪಿಯಲ್ಲಿ ಬರೆದು ತೋರಿಸಿದರು. ಒಂದಕ್ಕೂ ಇನ್ನೊಂದಕ್ಕೂ ಹೊರರೂಪದಲ್ಲಿ ಸಂಬಂಧವೇ ಇಲ್ಲ. ಲಿಪಿ ಮಾತ್ರ ಒಂದೇ.

ಬೇಡವಾದುದನ್ನು ಬಿಟ್ಟು ಬೇಕಾದುದನ್ನು ಮಾತ್ರ ಹಿಡಿಯುವ ಈ ವಿದ್ಯೆಯು ನಮಗೆ ಹೊಸದಲ್ಲ. ಶಾನುಭೋಗರ ದಫ್ತರದಲ್ಲಿದ್ದ ಗ್ರಾಮದ ನಕಾಶೆಯನ್ನು ನೆನೆಯೋಣ. ಅದರಲ್ಲಿ ಮಾವಿನ ತೋಪಿನ ನೆರಳಿಲ್ಲ, ಬೆಳೆಯ ಹಸಿರಿಲ್ಲ, ದನಕರುಗಳಿಲ್ಲ. ಎಲ್ಲೆಗೆರೆ, ಸರ್ವೆ ನಂಬರು, ದಾರಿ, ಹಳ್ಳ ಇಷ್ಟೇ. ಊರಿನ ಸೊಬಗನ್ನು ನೋಡಬಯಸುವವನಿಗೆ ಅದು ನಿಷ್ಪ್ರಯೋಜಕ. ಎಲ್ಲೆಯ ವ್ಯಾಜ್ಯವನ್ನು ತೀರಿಸಬೇಕಾದ ಅಧಿಕಾರಿಗೆ ಅದೇ ಸರ್ವಸ್ವ. ಪ್ರಯೋಜನವನ್ನು ಅರಿತು ಬಿಡುವುದೇ ಅಮೂರ್ತೀಕರಣದ ಗುಟ್ಟು. ಏನನ್ನು ಬಿಡಬೇಕೆಂದು ತಿಳಿಯದವನ ನಕ್ಷೆಯು ಊರಿನಷ್ಟೇ ದೊಡ್ಡದಾಗುವುದು. ಬಿಡಬಾರದುದನ್ನು ಬಿಟ್ಟವನ ನಕ್ಷೆಯು ವ್ಯಾಜ್ಯವನ್ನು ಹುಟ್ಟಿಸುವುದು.

1827ನೆಯ ವರ್ಷವು ಬ್ಯಾಬೇಜರಿಗೆ ಸಿಡಿಲಿನಂತೆ ಎರಗಿತು. ಒಂದೇ ವರ್ಷದಲ್ಲಿ ತಂದೆ, ಪತ್ನಿ, ಮಕ್ಕಳು ತೀರಿಕೊಂಡರು. ತಂದೆಯಿಂದ ಸುಮಾರು ಒಂದು ಲಕ್ಷ ಪೌಂಡುಗಳ ಆಸ್ತಿ ಬಂದಿತು. ಮನೆ ಮಾತ್ರ ಬರಿದಾಯಿತು. ಇವರು ಯುರೋಪಿನಲ್ಲಿ ತಿರುಗಾಡುತ್ತಿದ್ದಾಗಲೇ, 1828ರಲ್ಲಿ, ಹಿಂದೆ ನ್ಯೂಟನ್ನರು ಅಲಂಕರಿಸಿದ್ದ ಕೇಂಬ್ರಿಡ್ಜಿನ ಗಣಿತಪೀಠವನ್ನು ಪಡೆದರು. ಹನ್ನೊಂದು ವರ್ಷಗಳು ಆ ಪೀಠದಲ್ಲಿದ್ದರೂ ಒಂದು ಉಪನ್ಯಾಸವನ್ನೂ ಕೊಡಲಿಲ್ಲ. ಮನಸ್ಸೆಲ್ಲ ಯಂತ್ರದಲ್ಲಿಯೇ ಇದ್ದಿತು.

ಯಂತ್ರಕ್ಕಾಗಿ ಇವರು ನೋಡಿದ ಕಾರ್ಖಾನೆಗಳಿಗೆ ಲೆಕ್ಕವಿಲ್ಲ. ಆ ಅನುಭವದ ಫಲವಾಗಿ 1832ರಲ್ಲಿ ಯಂತ್ರೋದ್ಯಮಗಳ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥವು ಹೊರಬಂದಿತು. ಗುಂಡುಸೂಜಿಯನ್ನು ಮಾಡುವ ಕೆಲಸವನ್ನು ತಂತಿಯೆಳೆಯುವುದು ಮೊದಲ್ಗೊಂಡು ಕಾಗದಕ್ಕೆ ಚುಚ್ಚಿಡುವವರೆಗೆ ಏಳು ಕ್ರಿಯೆಗಳಾಗಿ ಬಿಡಿಸಿ, ಒಂದೊಂದಕ್ಕೂ ಹಿಡಿಯುವ ಕಾಲವನ್ನೂ, ಮಾಡುವವರ ಕೂಲಿಯನ್ನೂ ಇವರು ಇದರಲ್ಲಿ ಬರೆದಿರುವರು. ಮಗುವಿಗೆ ದಿನಕ್ಕೆ ನಾಲ್ಕೂವರೆ ಪೆನ್ಸ್ ಕೂಲಿಯಾದರೆ, ಪಳಗಿದವನಿಗೆ ಆರು ಷಿಲಿಂಗ್. ಎಲ್ಲ ಕ್ರಿಯೆಗಳನ್ನೂ ಆ ಪಳಗಿದವನೇ ಮಾಡಿದರೆ ಸೂಜಿಯ ಬೆಲೆಯು ಮೂರು ಮುಕ್ಕಾಲರಷ್ಟಾಗುವುದೆಂದು ಇವರು ಲೆಕ್ಕ ಹಾಕಿದರು. ಕಾರ್ಖಾನೆಯನ್ನು ನೋಡಲು ಹೋಗುವವರು ತುಂಬಬೇಕಾದ ಪ್ರಶ್ನಾವಳಿಯನ್ನೂ ಕೊಟ್ಟಿರುವರು. ಯಾರಾದರೂ ಎಣಿಸುತ್ತಿರುವರೆಂದು ತಿಳಿದರೆ ಕೆಲಸಗಾರನ ವೇಗವು ಬದಲಾಗುವುದರಿಂದ ಅವನಿಗೆ ತಿಳಿಯದಂತೆ ಎಣಿಸಬೇಕು. ಮಗ್ಗದ ಸದ್ದನ್ನಾದರೆ ಕಟ್ಟಡದ ಹೊರಗೆ ನಿಂತೇ ಎಣಿಸಬಹುದು ಎಂಬ ಎಚ್ಚರಿಕೆಯೂ ಉಂಟು. ಇಲ್ಲಿ ನಮ್ಮದೊಂದು ಆಕ್ಷೇಪವನ್ನು ಹೇಳದಿರಲಾರೆವು. ಏಳು ಕ್ರಿಯೆಗಳ ಪಟ್ಟಿಯಲ್ಲಿ ಆ ನಾಲ್ಕೂವರೆ ಪೆನ್ಸ್ ಮಗುವಿನ ಬಳಲಿಕೆಗೆ ಅಂಕಣವಿಲ್ಲ. ಸಾರವನ್ನು ಹಿಡಿಯುವ ಭರದಲ್ಲಿ ಬಿಟ್ಟುಹೋದುದರ ಲೆಕ್ಕವನ್ನು ಯಾರಾದರೊಬ್ಬರು ಇಡಬೇಕಾದುದು ನ್ಯಾಯ.

ಅತ್ತ ಯಂತ್ರದ ಕೆಲಸವು ಕುಂಟುತ್ತಿತ್ತು. 1832ರಲ್ಲಿ ಏಳನೆಯ ಒಂದು ಪಾಲಿನಷ್ಟು ಭಾಗವನ್ನು ಕೂಡಿಸಿದರು. ಅದು ತಪ್ಪಿಲ್ಲದೆ ನಡೆಯಿತು. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ ಬ್ಯಾಬೇಜರಿಗೂ ಕ್ಲೆಮೆಂಟನಿಗೂ ವಿರಸವುಂಟಾಯಿತು. ಕಾರ್ಖಾನೆಯನ್ನು ತಮ್ಮ ಮನೆಯ ಹತ್ತಿರಕ್ಕೆ ಸಾಗಿಸಬೇಕೆಂದು ಇವರು. ಅದಕ್ಕೆ ಪರಿಹಾರ ಬೇಕೆಂದು ಅವನು. 1833ರಲ್ಲಿ ಅವನು ಕೆಲಸವನ್ನು ನಿಲ್ಲಿಸಿದನು. ಯಂತ್ರಕ್ಕಾಗಿಯೇ ಮಾಡಿದ ವಿಶೇಷ ಉಪಕರಣಗಳು ಅಂದಿನ ರೂಢಿಯಂತೆ ಅವನಲ್ಲಿಯೇ ಉಳಿದವು. ನಕ್ಷೆಗಳೂ ಕೆಲವು ಕಾಲ ಇವರ ಕೈಗೆ ಸಿಕ್ಕಲಿಲ್ಲ.

ಆ ಬಿಡುವಿನಲ್ಲಿ, ಹಳೆಯ ನಕ್ಷೆಗಳ ಕಟ್ಟು ಕಣ್ಣ ಮುಂದಿಲ್ಲದಿದ್ದಾಗ, ಬ್ಯಾಬೇಜರಿಗೆ ಇನ್ನೂ ದೊಡ್ಡ ಯಂತ್ರವೊಂದು ಹೊಳೆಯಿತು. 1834ರಿಂದ ಇವರು ರೂಪಿಸುತ್ತ ಬಂದ ಈ ವಿಶ್ಲೇಷಕ ಯಂತ್ರವು ಒಂದೇ ಬಗೆಯ ಕೋಷ್ಟಕಕ್ಕೆ ಕಟ್ಟುಬಿದ್ದುದಲ್ಲ. ಯಾವ ಲೆಕ್ಕವನ್ನು ಹೇಳಿದರೂ ಮಾಡತಕ್ಕದ್ದು. ಸಂಖ್ಯೆಗಳನ್ನು ಇಡುವ ಸ್ಥಳ ಬೇರೆ, ಲೆಕ್ಕ ಮಾಡುವ ಸ್ಥಳ ಬೇರೆ. ಮೊದಲನೆಯದನ್ನು ಉಗ್ರಾಣವೆಂದೂ ಎರಡನೆಯದನ್ನು ಗಿರಣಿಯೆಂದೂ ಇವರು ಕರೆದರು. ಯಾವ ಸಂಖ್ಯೆಯನ್ನು ಉಗ್ರಾಣದಿಂದ ತಂದು ಏನು ಮಾಡಬೇಕೆಂಬುದನ್ನು ತೂತುಕೊರೆದ ರಟ್ಟುಗಳು ತಿಳಿಸುತ್ತವೆ. ಈ ರಟ್ಟುಗಳ ಉಪಾಯವು ಇವರಿಗೆ ಬಂದುದು ನಮ್ಮ ರೇಷ್ಮೆಯ ನೇಕಾರರೂ ಬಲ್ಲ ಜಕಾರ್ಡ್ ಮಗ್ಗದಿಂದ. ರಟ್ಟುಗಳನ್ನು ಬದಲಾಯಿಸಿದರೆ ಸೀರೆಯ ಅಂಚು ಬದಲಾಗುವಂತೆ ಇಲ್ಲಿ ಲೆಕ್ಕವು ಬದಲಾಗುವುದು.

ಈ ಯಂತ್ರದ ಮಹಿಮೆಯನ್ನು ಲೋಕಕ್ಕೆ ತಿಳಿಸಿದವರಲ್ಲಿ ಬೈರನ್ ಕವಿಯ ಪುತ್ರಿಯಾದ ಏಡಾ ಲವ್‌ಲೇಸ್ ಎಂಬ ವಿದುಷಿಯು ಮುಖ್ಯಳು. ಇಟಲಿಯ ಮೆನಬ್ರಿಯಾ ಎಂಬ ಎಂಜಿನಿಯರನು 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬರೆದ ವಿವರಣೆಯನ್ನು ಈಕೆ 1843ರಲ್ಲಿ ಆಂಗ್ಲಕ್ಕೆ ತಂದು, ಮೂಲಕ್ಕಿಂತಲೂ ದೊಡ್ಡದಾದ ಟಿಪ್ಪಣಿಗಳನ್ನು ಸೇರಿಸಿದಳು. ಬರ್ನೂಲಿ ಸಂಖ್ಯೆಗಳನ್ನು ಯಂತ್ರವು ಕಂಡುಹಿಡಿಯುವ ವಿಧಾನವು ಅಲ್ಲಿ 25 ಸಾಲುಗಳ ಪಟ್ಟಿಯಾಗಿ ಬಂದಿದೆ: ಯಾವ ಕ್ರಿಯೆ, ಯಾವ ಸ್ಥಾನದಿಂದ ಸಂಖ್ಯೆಯನ್ನು ತರಬೇಕು, ಫಲವನ್ನು ಯಾವ ಸ್ಥಾನದಲ್ಲಿ ಇಡಬೇಕು. ಯಂತ್ರವು ಸಂಖ್ಯೆಗೆ ಮಾತ್ರ ಮೀಸಲಲ್ಲ, ಪರಸ್ಪರ ಸಂಬಂಧವನ್ನು ಚಿಹ್ನೆಗಳಿಂದ ಹೇಳಲಾಗುವ ಯಾವುದನ್ನಾದರೂ, ಸಂಗೀತದ ಸ್ವರಗಳನ್ನು ಕೂಡ, ಅದು ನಡೆಯಿಸಬಲ್ಲದೆಂದು ಈಕೆ ಸೂಚಿಸಿದಳು. 1852ರಲ್ಲಿ 36ನೆಯ ವಯಸ್ಸಿನಲ್ಲಿಯೇ ಈಕೆ ತೀರಿಕೊಂಡಳು.

ಆದರೆ ಸರಕಾರಕ್ಕೆ ಬೇಕಾಗಿದ್ದುದು ಕೋಷ್ಟಕ. ಹಳೆಯದು ಮುಗಿಯುವ ಮೊದಲೇ ಅದಕ್ಕಿಂತ ಮೇಲಾದ ಹೊಸದೊಂದು ಹೊಳೆದಿದೆಯೆಂದು ಬ್ಯಾಬೇಜರು ಮಂತ್ರಿಗಳಿಗೆ ಪ್ರಾಮಾಣಿಕವಾಗಿ ತಿಳಿಸಿದರು. ಮಂತ್ರಿಗಳು ಗಾಬರಿಯಾದರು. 17,000 ಪೌಂಡುಗಳಿಗೂ ಮಿಕ್ಕು ವೆಚ್ಚವಾದಮೇಲೆ 1842ರಲ್ಲಿ ಪೀಲ್ ಮಹಾಶಯರ ಸರಕಾರವು ಕೈಬಿಟ್ಟಿತು. ತಮಗಾಗಿ ಒಂದು ಕಾಸನ್ನೂ ತೆಗೆದುಕೊಳ್ಳದೆ ಇಪ್ಪತ್ತು ವರ್ಷ ದುಡಿದ ಬ್ಯಾಬೇಜರು ಪ್ರಧಾನಮಂತ್ರಿಗಳನ್ನು ಕಂಡು ವಾದಿಸಿದರು. ಮಾತು ಜಗಳವಾಗಿ ಮುಗಿಯಿತು. ದೋಷವು ಯಾರದು? ಹಂತಹಂತವಾಗಿ ಏನು ಮುಗಿಯಬೇಕೆಂದು ಕೇಳದೆ ಹಣ ಕೊಟ್ಟದ್ದು, ಆಮೇಲೆ ವಿಚಾರಿಸದೆ ನಿಲ್ಲಿಸಿದ್ದು ಸರಕಾರದ ದೋಷ. ಇಷ್ಟು ಸಾಕು, ಇನ್ನು ಈ ನಕ್ಷೆಯನ್ನು ತಿದ್ದುವುದಿಲ್ಲ ಎಂದು ಗೆರೆಯೆಳೆಯದೆ ಹೋದುದು ಬ್ಯಾಬೇಜರ ದೋಷ. ಇವರನ್ನು ಆರಂಭಶೂರರೆನ್ನಲಾಗದು, ದುಡಿಮೆ ಎಂದೂ ನಿಲ್ಲಲಿಲ್ಲ. ಕಾಗದದ ಮೇಲಿನ ಉತ್ತಮವು ಲೋಹದ ಮೇಲಿನ ಮಧ್ಯಮವನ್ನು ಹುಟ್ಟಗೊಡಲಿಲ್ಲ.

ಇದಕ್ಕೆ ಸಾಕ್ಷಿಯೂ ಉಂಟು. ಸ್ವೀಡನ್ ದೇಶದ ಷೋಯ್ಟ್ಸ್ ಎಂಬ ತಂದೆಮಕ್ಕಳು ಬ್ಯಾಬೇಜರ ತತ್ತ್ವದ ವೃತ್ತಾಂತವನ್ನು ಓದಿ, ಚಿಕ್ಕದಾಗಿ, ಕಡಮೆ ಖರ್ಚಿನಲ್ಲಿ ವ್ಯತ್ಯಾಸಯಂತ್ರವೊಂದನ್ನು 1853ರಲ್ಲಿ ಮುಗಿಸಿಯೇಬಿಟ್ಟರು. ಬ್ಯಾಬೇಜರು ಅಸೂಯೆಪಡದೆ ಅವರನ್ನು ಎಲ್ಲರೆದುರಿಗೆ ಹೊಗಳಿದರು. 1855ರಲ್ಲಿ ಇವರ ಮಗನಾದ ಹೆನ್ರಿ ಬ್ಯಾಬೇಜ್ ಎಂಬವನು ಆ ಸ್ವೀಡನ್ ಯಂತ್ರವನ್ನೇ ತಂದೆಯ ಯಂತ್ರಲಿಪಿಯಲ್ಲಿ ಬರೆದು ವಿದ್ವಾಂಸರ ಸಭೆಯಲ್ಲಿ ವಿವರಿಸಿದನು. ಈ ಹೆನ್ರಿಯು ನಮ್ಮ ದೇಶದಲ್ಲಿ ಬಂಗಾಳದ ಸೈನ್ಯದಲ್ಲಿ ಬಹುಕಾಲ ಸೇವೆ ಸಲ್ಲಿಸಿದವನು.

1847ರಿಂದ 1849ರವರೆಗೆ ಬ್ಯಾಬೇಜರು ಕುಳಿತು, ದೊಡ್ಡ ಯಂತ್ರದಿಂದ ಕಲಿತುದನ್ನೆಲ್ಲ ಬಳಸಿ, ಎರಡನೆಯ ವ್ಯತ್ಯಾಸಯಂತ್ರದ ನಕ್ಷೆಗಳನ್ನು ಬರೆದು ಮುಗಿಸಿದರು. ಮೊದಲನೆಯದಕ್ಕೆ 25,000 ಭಾಗಗಳಾದರೆ ಇದಕ್ಕೆ, ಅಚ್ಚುಮಾಡುವ ಅಂಗವೂ ಸೇರಿ, ಸುಮಾರು 8,000 ಸಾಕು. ನಕ್ಷೆಗಳನ್ನು ಪ್ರತಿಫಲವಿಲ್ಲದೆ ಸರಕಾರಕ್ಕೆ ಕೊಡಲು 1852ರಲ್ಲಿ ಮುಂದೆ ಬಂದರು. ಸರಕಾರವು ಒಲ್ಲೆನೆಂದಿತು. ಕೊನೆಗಾಲದಲ್ಲಿ ಇವರು ಬೀದಿಯ ವಾದ್ಯಗಾರರ ಗದ್ದಲದ ಮೇಲೆ ಯುದ್ಧ ಹೂಡಿ ಜನರ ನಗೆಗೆ ಪಾತ್ರರಾದರು. 1864ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. 1871ನೆಯ ಅಕ್ಟೋಬರ್ 18ರಂದು ತಮ್ಮ ಯಂತ್ರಗಳಲ್ಲಿ ಒಂದನ್ನೂ ಪೂರ್ಣವಾಗಿ ಕಾಣದೆ ಕಾಲವಾದರು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಬ್ಯಾಬೇಜರ ಬಾಳು ಗಗನಕುಸುಮವೆಂದು ನಾವೂ ನಿಟ್ಟುಸಿರಿಡುತ್ತಿದ್ದೆವು. ಹೆನ್ರಿಯು ತಂದೆಯ ಕಾಗದಪತ್ರಗಳನ್ನು 1889ರಲ್ಲಿ ಪ್ರಕಟಿಸಿ, 1910ರಲ್ಲಿ ವಿಶ್ಲೇಷಕ ಯಂತ್ರದ ಗಿರಣಿಯ ಒಂದು ಭಾಗವನ್ನು ಕೂಡಿಸಿ ತೋರಿಸಿದನು. ಹಳೆಯ ಬಿಡಿಭಾಗಗಳಿಂದ ಆತನು ಜೋಡಿಸಿದ ಸಣ್ಣ ಮಾದರಿಗಳಲ್ಲೊಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿತು. ಅದನ್ನು ಅಲ್ಲಿ ಕಂಡ ಹೊವರ್ಡ್ ಐಕನ್ ಎಂಬವರ ಯೋಜನೆಯಂತೆ 1944ರಲ್ಲಿ ಮಹಾಗಣಕವೊಂದು ಸಿದ್ಧವಾಯಿತು. ಕೊನೆಗೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1849ರ ನಕ್ಷೆಗಳನ್ನು ಹೊರತೆಗೆದು, ಬ್ಯಾಬೇಜರ ಕಾಲದಲ್ಲಿ ಸಾಧ್ಯವಾಗಿದ್ದಷ್ಟೇ ನಯಗಾರಿಕೆಯಿಂದ ಭಾಗಗಳನ್ನು ಮಾಡಿಸಿದರು. ನಕ್ಷೆಯಲ್ಲಿ ಕೆಲವು ತಪ್ಪುಗಳು ಕಂಡವು. ತಿದ್ದಲಾಗದ ತಪ್ಪು ಒಂದೂ ಇರಲಿಲ್ಲ. ಇವರ ಜನ್ಮದ್ವಿಶತಾಬ್ದಿಯ ವರ್ಷವಾದ 1991ರಲ್ಲಿ ಲೆಕ್ಕ ಮಾಡುವ ಅಂಗವೂ, 2002ರಲ್ಲಿ ಅಚ್ಚುಮಾಡುವ ಅಂಗವೂ ಮುಗಿದವು. ಐದು ಟನ್ ತೂಕದ ಯಂತ್ರ. ಹಿಡಿಯನ್ನು ತಿರುಗಿಸಿದರು; 31 ಅಂಕೆಗಳ ಉತ್ತರವು ತಪ್ಪಿಲ್ಲದೆ ಬಂದಿತು.

ಗೀಚಿದವನ ತಲೆಯೊಳಗೆ ಮಾತ್ರ ಅರ್ಥವಿರುವ ನಕ್ಷೆಗಳು ಅವುಗಳಾಗಿದ್ದರೆ ಇದು ಆಗುತ್ತಿರಲಿಲ್ಲ. 142 ವರ್ಷಗಳ ತರುವಾಯ, ಕರ್ತೃವನ್ನು ಕೇಳಲಾಗದ ಜನರು, ಕೇಳಬೇಕಾದ ಅಗತ್ಯವೇ ಇಲ್ಲದಂತೆ ಕಟ್ಟಿದರು. ಕ್ರಿಯಾಕ್ರಮವನ್ನು ಸ್ಪಷ್ಟವಾಗಿ ಬರೆದಿಡುವುದರ ಫಲವಿದು. ಇಂದು ನಮ್ಮ ಬೆಂಗಳೂರಿನಲ್ಲಿಯೂ ಲಕ್ಷಾಂತರ ಜನರು ಗಣಕಯಂತ್ರಗಳಿಗೆ ಕ್ರಿಯಾಕ್ರಮವನ್ನು ಬರೆದು ಜೀವಿಸುತ್ತಿರುವರು. ಕಛೇರಿಗಳಲ್ಲಿ ಕೆಲಸದ ಗುಟ್ಟೆಲ್ಲ ಒಬ್ಬ ಹಳೆಯ ಗುಮಾಸ್ತರ ನೆನಪಿನಲ್ಲಿದ್ದು, ಅವರು ನಿವೃತ್ತರಾದ ದಿನವೇ ಕಡತಗಳು ಕುರುಡಾಗುವುದನ್ನು ನಮ್ಮ ವಾಚಕರು ಕಂಡಿರಬಹುದು. ಕಾರ್ಯವನ್ನು ಕೈಗೊಳ್ಳುವವರು ಬ್ಯಾಬೇಜರಂತೆ ಬರೆದಿಡಲಿ. ಆದರೆ ತಿದ್ದುವುದನ್ನು ನಿಲ್ಲಿಸುವ ದಿನವನ್ನೂ ಆ ಬರೆಹದಲ್ಲಿಯೇ ಮೊದಲು ಗೊತ್ತುಮಾಡಿಕೊಳ್ಳಲಿ ಎಂಬುದು ನಮ್ಮ ಪ್ರಾರ್ಥನೆ.